ಬಲಗಡೆಯ ಸಂಖ್ಯೆ ಮಾತ್ರ ಏರಲಿಲ್ಲ: ಹೃದಯ ಶಸ್ತ್ರಚಿಕಿತ್ಸೆಯ ಒಂದು ಪ್ರಕರಣ

ರೋಗಿ ಬ್ಯಾಡಗಿಯವರು, ವಯಸ್ಸು 68. ಹೆಸರು ಬೇಡ. ವಾರ್ಡಿನಲ್ಲಿ ಎಲ್ಲರೂ ಕರೆಯುತ್ತಿದ್ದ ಹಾಗೆ ಯಜಮಾನರು ಎಂದೇ ಬರೆಯುತ್ತೇನೆ. ಹರೆಯದಲ್ಲಿ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಹಮಾಲಿ ಮಾಡಿದವರು, ಆಮೇಲೆ ಅಲ್ಲೇ ಸಣ್ಣದೊಂದು ದಲಾಲಿ ಅಂಗಡಿ ಇಟ್ಟವರು. ಸಕ್ಕರೆ ಕಾಯಿಲೆ ಇತ್ತು, ಬಿಪಿ ಅದಕ್ಕಿಂತ ಹಳೆಯದು. ಬೀಡಿ ಬಿಟ್ಟು ಎರಡು ವರ್ಷವಾಗಿತ್ತು. ಮೆಟ್ಟಿಲು ಹತ್ತಿದರೆ ಎದೆ ಹಿಡಿಯುತ್ತಿತ್ತು. ಒಂದು ದಿನ ಅಂಗಡಿಯಲ್ಲೇ ಕಣ್ಣು ಕತ್ತಲೆ ಬಂದು ಕುಸಿದರು. ಹಾವೇರಿಯಲ್ಲಿ ಎಕೋ ಮಾಡಿಸಿ, ಅಲ್ಲಿಂದ ಹುಬ್ಬಳ್ಳಿಗೆ ಬಂದರು.

ಹೃದಯದಿಂದ ಮಹಾಪಧಮನಿಗೆ ರಕ್ತ ಬಿಡುವ ಅಯೋರ್ಟಿಕ್ ವಾಲ್ವ್ ಸುಣ್ಣಗಟ್ಟಿ ತೀರಾ ಕಿರಿದಾಗಿತ್ತು. ಆಂಜಿಯೋಗ್ರಾಂನಲ್ಲಿ ಎರಡು ರಕ್ತನಾಳ ಮುಚ್ಚಿಕೊಂಡಿದ್ದವು. ವಾಲ್ವ್ ಬದಲಿಸಬೇಕು, ಜೊತೆಗೇ ಬೈಪಾಸ್ ಮಾಡಬೇಕು. ಎರಡೂ ಒಂದೇ ಸಲ. ನಾನು ಅವರಿಗೆ ಅರಿವಳಿಕೆ ಕೊಟ್ಟ ವೈದ್ಯ.

ಬರೀ ಬೈಪಾಸ್ ಆದರೆ ಲಕ್ವಾ ಹೊಡೆಯುವ ಅಪಾಯ ನೂರರಲ್ಲಿ ಒಬ್ಬರಿಗೋ ಇಬ್ಬರಿಗೋ ಇರುತ್ತದೆ. ವಾಲ್ವ್ ಕೂಡ ಸೇರಿದರೆ ಅದು ಜಾಸ್ತಿಯಾಗುತ್ತದೆ. ಯಜಮಾನರ ಲೆಕ್ಕಕ್ಕೆ ಇನ್ನೊಂದೂ ಸೇರಿತ್ತು. ಕುತ್ತಿಗೆಯ ಡಾಪ್ಲರ್ (ನಾಳದಲ್ಲಿ ರಕ್ತದ ಹರಿವು ನೋಡುವ ಅಲ್ಟ್ರಾಸೌಂಡ್) ಮಾಡಿದಾಗ, ಮಿದುಳಿಗೆ ರಕ್ತ ಒಯ್ಯುವ ಬಲಗಡೆಯ ಕೆರೋಟಿಡ್ ನಾಳ ಶೇಕಡ 60ರಿಂದ 70ರಷ್ಟು ಕಿರಿದಾಗಿದ್ದು ಕಂಡಿತು. ಎಡಗಡೆ ಅಷ್ಟೇನೂ ಇರಲಿಲ್ಲ. ಅವರಿಗೆ ಅದುವರೆಗೆ ಕೈಕಾಲು ಸೋತದ್ದಾಗಲಿ, ಮಾತು ತೊದಲಿದ್ದಾಗಲಿ ಇಲ್ಲ. ಹಾಗಾಗಿ ಕುತ್ತಿಗೆಯ ನಾಳ ಸದ್ಯಕ್ಕೆ ಮುಟ್ಟುವುದು ಬೇಡ, ಆಪರೇಷನ್ ಹೊತ್ತಿನಲ್ಲಿ ಬಿಪಿ ಕೆಳಗಿಳಿಯದ ಹಾಗೆ ನೋಡಿಕೊಳ್ಳೋಣ ಎಂದು ಎಲ್ಲರೂ ಕೂತು ತೀರ್ಮಾನಿಸಿದೆವು.

ಆಪರೇಷನ್ ಹಿಂದಿನ ಸಂಜೆ ನಾನು ರೋಗಿಯನ್ನು ನೋಡಲು ಹೋಗುವುದು ಹೃದಯ, ಶ್ವಾಸಕೋಶಗಳ ಪರೀಕ್ಷೆಗೆ ಮಾತ್ರವಲ್ಲ. ಅವರು ಹೇಗೆ ನಗುತ್ತಾರೆ, ಹೇಗೆ ಮಾತಾಡುತ್ತಾರೆ, ಎರಡೂ ಕೈಯಿಂದ ನನ್ನ ಬೆರಳು ಎಷ್ಟು ಗಟ್ಟಿಯಾಗಿ ಹಿಡಿಯುತ್ತಾರೆ, ಇದನ್ನೆಲ್ಲ ಕೇಸ್ ಶೀಟಿನಲ್ಲಿ ಬರೆದಿಡುತ್ತೇನೆ. ಯಜಮಾನರ ಎಡಗೈ ಕಿರುಬೆರಳು ಸೊಟ್ಟಗಿತ್ತು. ನೆಟ್ಟಗೆ ಮಾಡಲು ಬರುತ್ತಿರಲಿಲ್ಲ. ಕೇಳಿದರೆ, ಹಿಂದೆ ಲಾರಿಗೆ ಚೀಲ ಏರಿಸುವಾಗ ಮುರಿದದ್ದು ಎಂದರು. ಕೈ ಒತ್ತಿ ಅಂದೆ. ಎರಡೂ ಕೈಯಲ್ಲಿ ಒಂದೇ ಕಸುವು, ನನ್ನ ಬೆರಳು ನೋಯುವಷ್ಟು. ಮೇಲಿನ ಹಲ್ಲಿನ ಸೆಟ್ ಇತ್ತು. ಇಷ್ಟನ್ನೂ ಬರೆದೆ: ಎಡ ಕಿರುಬೆರಳು ಹಳೆಯ ಮುರಿತದಿಂದ ಸೊಟ್ಟ, ಹಿಡಿತ ಎರಡೂ ಕಡೆ ಸಮ, ಮೇಲಿನ ಹಲ್ಲು ಕೃತಕ, ಸೆಟ್ ಹಾಕಿದಾಗ ಮಾತು ಸ್ಪಷ್ಟ.

ಮರುದಿನ ಬೆಳಿಗ್ಗೆ ಓಟಿಯಲ್ಲಿ ಅರಿವಳಿಕೆ ಕೊಡುವ ಮುಂಚೆಯೇ ಹಣೆಗೆ ಬಲಕ್ಕೊಂದು, ಎಡಕ್ಕೊಂದು ಅಂಟುಪಟ್ಟಿ ಹಚ್ಚಿದೆವು. ಇದು ಸೆರೆಬ್ರಲ್ ಆಕ್ಸಿಮೀಟರಿನ ಸೆನ್ಸರ್. ಇದರ ಕೆಲಸ ಸ್ವಲ್ಪ ಬಿಡಿಸಿ ಹೇಳಬೇಕು.

ಬೆರಳಿಗೆ ಹಾಕುವ ಪಲ್ಸ್ ಆಕ್ಸಿಮೀಟರ್ ಕೋವಿಡ್ ಆದಮೇಲೆ ಎಲ್ಲರಿಗೂ ಗೊತ್ತು. ಅದಕ್ಕೆ ನಾಡಿ ಬೇಕು. ಹೃದಯ ನಿಲ್ಲಿಸಿ, ಹೃದಯ ಮತ್ತು ಶ್ವಾಸಕೋಶದ ಕೆಲಸ ತಾನೇ ಮಾಡುವ ಹಾರ್ಟ್-ಲಂಗ್ ಯಂತ್ರದ ಮೇಲೆ ಹಾಕಿದಾಗ ರಕ್ತ ಸಾಮಾನ್ಯವಾಗಿ ಒಂದೇ ಸಮನೆ ಹರಿಯುತ್ತದೆ, ಬಡಿತ ಇರುವುದಿಲ್ಲ. ಆಗ ಬೆರಳಿನ ಯಂತ್ರ ನಂಬುವ ಹಾಗಿಲ್ಲ. ಹಣೆಯ ಸೆನ್ಸರಿಗೆ ನಾಡಿ ಬೇಡ. ಅದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಚರ್ಮ ಮತ್ತು ತಲೆಬುರುಡೆ ದಾಟಿಸಿ ಒಳಗೆ ಕಳಿಸುತ್ತದೆ, ವಾಪಸು ಬಂದ ಬೆಳಕನ್ನು ಅಳೆಯುತ್ತದೆ. ಆಮ್ಲಜನಕ ಹೊತ್ತ ರಕ್ತ ಮತ್ತು ಹೊರದ ರಕ್ತ ಬೆಳಕನ್ನು ಬೇರೆಬೇರೆ ರೀತಿ ಹೀರುತ್ತವೆ. ಜೀವಂತ ಮಿದುಳನ್ನು ಹೀಗೆ ಹೊರಗಿನಿಂದ ನೋಡಬಹುದು ಎಂದು ಫ್ರಾನ್ಸ್ ಯೋಬ್ಸಿಸ್ ಎಂಬ ವಿಜ್ಞಾನಿ 1977ರಲ್ಲಿ ತೋರಿಸಿದರು. ಸೆನ್ಸರಿನ ಕೆಳಗಿನ ರಕ್ತದಲ್ಲಿ ಮುಕ್ಕಾಲು ಪಾಲು ಮಿದುಳಿಗೆ ಆಮ್ಲಜನಕ ಕೊಟ್ಟು ವಾಪಸು ಹೊರಟದ್ದು. ಆದ್ದರಿಂದ ಸಂಖ್ಯೆ 98, 99 ಬರುವುದಿಲ್ಲ. ಸಾಮಾನ್ಯವಾಗಿ 60ರಿಂದ 75ರ ನಡುವೆ ಇರುತ್ತದೆ. ಮಿದುಳಿಗೆ ಬಂದ ಆಮ್ಲಜನಕ ಅದರ ಖರ್ಚಿಗೆ ಸಾಕಾಗುತ್ತಿದೆಯೋ ಇಲ್ಲವೋ ಎನ್ನುವುದನ್ನು ಈ ಸಂಖ್ಯೆ ಹೇಳುತ್ತದೆ.

ಯಜಮಾನರದು ಬಲಗಡೆ 61, ಎಡಗಡೆ 65. ಇನ್ನೂ ಎಚ್ಚರವಿದ್ದರು, ಮೂಗಿಗೆ ಆಕ್ಸಿಜನ್ ಇರಲಿಲ್ಲ, ನಮ್ಮ ಜೊತೆ ಮಾತಾಡುತ್ತಿದ್ದರು. ಇದನ್ನೇ ಅವರ ಮೂಲ ಅಳತೆ ಎಂದು ಬರೆದುಕೊಂಡೆವು. ಅರಿವಳಿಕೆ ಕೊಟ್ಟು ನೂರಕ್ಕೆ ನೂರು ಆಕ್ಸಿಜನ್ ಹರಿಸಿದ ಮೇಲೆ ಅದೇ ಸಂಖ್ಯೆ 68 ಮತ್ತು 71ಕ್ಕೆ ಏರಿತು. ಇಲ್ಲಿ ಹುಷಾರಾಗಿರಬೇಕು. ಎಚ್ಚರಿಕೆಯ ಗೆರೆ ಎಳೆಯುವುದು ಮೂಲ ಅಳತೆಗಿಂತ ಶೇಕಡ 20 ಕಡಿಮೆಗೆ, ಅಥವಾ 50ಕ್ಕೆ. ಮೂಲ 61 ಅಂದರೆ ಗೆರೆ 49ರ ಹತ್ತಿರ ಬೀಳುತ್ತದೆ. 68 ಅಂತ ಹಿಡಿದರೆ 54ಕ್ಕೆ. ಯಾವುದನ್ನು ಮೂಲ ಅಂತ ಹಿಡಿದಿರಿ ಎನ್ನುವುದು ಗೊತ್ತಿಲ್ಲದೆ ಅಲಾರಂ ಹೊಡೆದುಕೊಂಡರೆ ಅದು ಸುಮ್ನೆ ಸದ್ದು. ಎಚ್ಚರವಿದ್ದಾಗಿನ ಅಳತೆಯೇ ನನಗೆ ಸರಿ ಅನ್ನಿಸುತ್ತದೆ, ಯಾಕೆಂದರೆ ಆ ಅಳತೆಯಲ್ಲಿ ಆ ಮಿದುಳು ಮಾತಾಡುತ್ತಿತ್ತು, ಕೈ ಎತ್ತುತ್ತಿತ್ತು. ಅದಕ್ಕಿಂತ ಗಟ್ಟಿ ಸಾಕ್ಷಿ ಬೇಕಾ?

ಎದೆ ತೆರೆದ ಮೇಲೆ ಸರ್ಜನ್ ಮಹಾಪಧಮನಿಯ ಮೇಲೇ ಅಲ್ಟ್ರಾಸೌಂಡ್ ಪ್ರೋಬ್ ಇಟ್ಟು ಗೋಡೆ ನೋಡಿದರು. ಗೋಡೆಯಲ್ಲಿ ಕೊಬ್ಬು, ಸುಣ್ಣ ಕಟ್ಟಿದ ಕಡೆ ಪಂಪಿನ ಕೊಳವೆ ಚುಚ್ಚಿದರೆ, ಕ್ಲಾಂಪ್ (ನಾಳವನ್ನು ಅದುಮಿ ಮುಚ್ಚುವ ಚಿಮಟ) ಹಾಕಿದರೆ, ಚೂರು ಕಿತ್ತು ನೇರ ಮಿದುಳಿಗೆ ಹೋಗಬಹುದು. ಬರೀ ಕೈಯಿಂದ ಮುಟ್ಟಿ ನೋಡಿದರೆ ಮೆತ್ತನೆಯ ಕೊಬ್ಬಿನ ಗಡ್ಡೆ ಗೊತ್ತಾಗುವುದಿಲ್ಲ. ಒಂದು ಕಡೆ ದಪ್ಪ ಕಂಡಿತು. ಅದನ್ನು ಬಿಟ್ಟು ಸ್ವಲ್ಪ ಮೇಲೆ ಜಾಗ ಆರಿಸಿದರು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಕೊಟ್ಟು, ರಕ್ತ ಹೆಪ್ಪುಗಟ್ಟುವ ಹೊತ್ತು 480 ಸೆಕೆಂಡ್ ದಾಟಿದ್ದನ್ನು ಖಚಿತ ಮಾಡಿಕೊಂಡು ಪಂಪ್ ಮೇಲೆ, ಅಂದರೆ ಹಾರ್ಟ್-ಲಂಗ್ ಯಂತ್ರದ ಮೇಲೆ ಹೋದೆವು. ಇಂಥದ್ದೊಂದು ಯಂತ್ರ ಇಟ್ಟುಕೊಂಡು ಜಾನ್ ಗಿಬ್ಬನ್ ಮೊದಲ ಸಲ ಯಶಸ್ವಿಯಾಗಿ ಹೃದಯ ತೆರೆದು ಆಪರೇಷನ್ ಮಾಡಿದ್ದು 1953ರಲ್ಲಿ. ಆಗ ಮಿದುಳಿನ ಮೇಲೆ ಹೀಗೆ ಕಣ್ಣಿಡಲು ಯಾವ ಸಾಧನವೂ ಇರಲಿಲ್ಲ.

ಪಂಪ್ ಶುರುವಾದಾಗ ಯಂತ್ರದೊಳಗಿನ ದ್ರವ ಸೇರಿ ರಕ್ತ ತೆಳುವಾಗುತ್ತದೆ. ಎರಡೂ ಸಂಖ್ಯೆ ಸ್ವಲ್ಪ ಇಳಿದವು, 58 ಮತ್ತು 61. ಇದು ಎಲ್ಲರಲ್ಲೂ ಆಗುವಂಥದ್ದೇ. ಕ್ಲಾಂಪ್ ಹಾಕುವ ಕ್ಷಣ ಪಂಪ್ ನಡೆಸುವ ಪರ್ಫ್ಯೂಶನಿಸ್ಟ್ ಅದರ ಹರಿವು ತಗ್ಗಿಸುತ್ತಾರೆ, ಕ್ಲಾಂಪ್ ಕೂತ ಮೇಲೆ ಮತ್ತೆ ಏರಿಸುತ್ತಾರೆ. ಆ ಹೊತ್ತಿಗೆ ಎಡ 55ಕ್ಕೆ, ಬಲ 51ಕ್ಕೆ ಇಳಿಯಿತು. ಹರಿವು ಪೂರ್ತಿ ಬಂದಾಗ ಎಡಗಡೆ ಏರಿ 60ಕ್ಕೆ ನಿಂತಿತು. ಬಲಗಡೆ ಏರಲಿಲ್ಲ.

“ಸರ್, ಫ್ಲೋ ಫುಲ್ ಬಂದೈತ್ರಿ. ಬಲಗಡೆ ನಲವತ್ತೆಂಟು,” ಎಂದರು ಪರ್ಫ್ಯೂಶನಿಸ್ಟ್. ನಾನು ಪರದೆ ನೋಡುವಷ್ಟರಲ್ಲಿ 46 ಆಗಿತ್ತು.

ಎರಡೂ ಕಡೆ ಒಟ್ಟಿಗೆ ಬಿದ್ದಿದ್ದರೆ ಯೋಚನೆ ಬೇರೆ ದಾರಿ ಹಿಡಿಯುತ್ತದೆ. ಪಂಪಿನ ಹರಿವು ಸಾಲದೇ, ಆಕ್ಸಿಜನ್ ಹೋಗುತ್ತಿಲ್ಲವೇ, ತಲೆಯಿಂದ ರಕ್ತ ವಾಪಸು ಬರುವ ಕೊಳವೆ ಮಡಚಿಕೊಂಡಿದೆಯೇ ಎಂದು ನೋಡುತ್ತೇವೆ. ಒಂದೇ ಕಡೆ ಬಿದ್ದರೆ ಆ ಕಡೆಗೆ ಹೋಗುವ ದಾರಿಯಲ್ಲೇ ಏನೋ ಆಗಿದೆ. ನಾನು ಗಟ್ಟಿಯಾಗಿ ಹೇಳಿದೆ: ಬಲ ಮಿದುಳು 46, ಎಡ ಸರಿ ಇದೆ. ಸರ್ಜನ್ ಕೈ ನಿಲ್ಲಿಸಿದರು. ಗಟ್ಟಿಯಾಗಿ ಹೇಳುವುದು ಮುಖ್ಯ. ಪರದೆಯ ಮೇಲೆ ಸಂಖ್ಯೆ ಬಿದ್ದು, ಅದನ್ನು ಒಬ್ಬನೇ ನೋಡಿ, ಸ್ವಲ್ಪ ಹೊತ್ತು ಕಾಯೋಣ ಅಂದುಕೊಂಡರೆ ಆ ಹೊತ್ತು ಮಿದುಳಿನ ಲೆಕ್ಕಕ್ಕೆ ಹೋಗುತ್ತದೆ.

ಮೊದಲು ಸೆನ್ಸರ್. ಮೇಲೆ ಹೊದಿಸಿದ ಬಟ್ಟೆ ಎತ್ತಿ ನೋಡಿದೆ, ಚೆನ್ನಾಗಿ ಅಂಟಿತ್ತು. ಮುಖ ಊದಿರಲಿಲ್ಲ, ಕೆಂಪಾಗಿರಲಿಲ್ಲ. ಕಣ್ಣಿನ ಪಾಪೆ ಎರಡೂ ಸಮ. ತಲೆ ಮಾತ್ರ ಎಡಕ್ಕೆ ಸ್ವಲ್ಪ ವಾಲಿತ್ತು, ನೆಟ್ಟಗೆ ಮಾಡಿದೆ. ಕುತ್ತಿಗೆ ತಿರುಗಿದರೆ, ಮೊದಲೇ ಕಿರಿದಾದ ನಾಳಕ್ಕೆ ಅದೂ ಒಂದು ಹೊರೆ. ಸರ್ಜನ್ ಕೊಳವೆಯ ತುದಿ ಮುಟ್ಟಿ ನೋಡಿದರು, ಸರಿದಿರಲಿಲ್ಲ. ಅದೇನಾದರೂ ಬಲಗಡೆ ಕವಲೊಡೆಯುವ ನಾಳದೊಳಗೆ ಹೊಕ್ಕಿದ್ದರೆ ಬಲ ಏರಿ ಎಡ ಬೀಳುತ್ತಿತ್ತು, ಇಲ್ಲಿ ಆದದ್ದು ಉಲ್ಟಾ. ಎಲ್ಲಕ್ಕಿಂತ ದೊಡ್ಡ ಭಯ ಮಹಾಪಧಮನಿಯ ಗೋಡೆ ಸೀಳಿರುವುದು. ಸೀಳಿದ್ದರೆ ಪಂಪಿನ ಕೊಳವೆಯಲ್ಲಿ ಒತ್ತಡ ಏರಬೇಕು. ಏರಿರಲಿಲ್ಲ. ಅನ್ನನಾಳದೊಳಗಿನ ಎಕೋದಲ್ಲೂ ಸೀಳು ಕಾಣಲಿಲ್ಲ.

ಹಾಗಾದರೆ ಉಳಿದದ್ದು ಒಂದೇ: ಕಿರಿದಾದ ನಾಳದಲ್ಲಿ ರಕ್ತ ನುಗ್ಗಿಸಲು ಒತ್ತಡ ಸಾಲುತ್ತಿಲ್ಲ. ಸರಾಸರಿ ಬಿಪಿ 54 ತೋರಿಸುತ್ತಿತ್ತು. ಬೇರೆ ರೋಗಿಗೆ ಪಂಪ್ ಮೇಲೆ ಇದು ಸಾಕಾಗುತ್ತದೆ ಎಂದು ಬಿಟ್ಟುಬಿಡುವ ಸಂಖ್ಯೆ. ಹಲವು ವರ್ಷ ಬಿಪಿ ಇದ್ದವರಿಗೆ, ಕುತ್ತಿಗೆಯ ನಾಳ ಕಟ್ಟಿದವರಿಗೆ ಸಾಲುವುದಿಲ್ಲ. ಬಿಪಿ ಏರಿಸುವ ಔಷಧಿ ನಾರ್ ಅಡ್ರಿನಾಲಿನ್ ಜಾಸ್ತಿ ಮಾಡಿ 75ರ ಮೇಲೆ ಒಯ್ದೆವು. ಬಲಗಡೆ 49 ಆಯಿತು.

ಅಷ್ಟೊತ್ತಿಗೆ ರಕ್ತದ ಗ್ಯಾಸ್ ರಿಪೋರ್ಟ್ ಬಂತು. ಕಾರ್ಬನ್ ಡೈಆಕ್ಸೈಡ್ 30. ಇದು ಕಡಿಮೆಯಾದರೆ ಮಿದುಳಿನ ರಕ್ತನಾಳ ಬಿಗಿಯಾಗುತ್ತವೆ, ರಕ್ತ ಕಡಿಮೆ ಹೋಗುತ್ತದೆ. ಪಂಪಿನ ಗ್ಯಾಸ್ ಹರಿವು ಇಳಿಸಿ 39ಕ್ಕೆ ತಂದರು. ಬಲಗಡೆ 55. ಹಿಮೋಗ್ಲೋಬಿನ್ 6.9 ಇತ್ತು, ಒಂದು ಬಾಟಲಿ ರಕ್ತ ಕೊಟ್ಟೆವು. 59ಕ್ಕೆ ಬಂದು ನಿಂತಿತು. ಸರ್ಜನ್ ಮತ್ತೆ ಕೆಲಸ ಶುರು ಮಾಡಿದರು. ಬಲಗಡೆ 50ಕ್ಕಿಂತ ಕೆಳಗಿದ್ದದ್ದು ಒಟ್ಟು 11 ನಿಮಿಷ. ಮೊದಲೇ ಯೋಚಿಸಿ ಬಿಪಿ ಜಾಸ್ತಿ ಇಡಬೇಕು ಎಂದುಕೊಂಡ ರೋಗಿಯಲ್ಲೂ ಕ್ಲಾಂಪ್ ಹಾಕುವ ಆ ಹೊತ್ತಿನಲ್ಲಿ ಹೀಗಾಗುತ್ತದೆ. ಯಂತ್ರ ಇಲ್ಲದಿದ್ದರೆ ಅದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಮುಂದಿನದೆಲ್ಲ ಸುಸೂತ್ರವಾಯಿತು. ಪ್ರಾಣಿ ಅಂಗಾಂಶದ ವಾಲ್ವ್ ಕೂರಿಸಿದರು, ಎರಡು ಬೈಪಾಸ್ ಹಾಕಿದರು. ಕ್ಲಾಂಪ್ ಒಂದೇ ಸಲ ಹಾಕಿ, ಒಂದೇ ಸಲ ತೆಗೆದರು. ತೆಗೆಯುವ ಮುಂಚೆ ಹೃದಯದೊಳಗಿನ ಗಾಳಿಗುಳ್ಳೆ ಹೊರಹಾಕಿ, ಎಕೋದಲ್ಲಿ ನೋಡಿ ಖಚಿತ ಮಾಡಿಕೊಂಡೆವು. ಮೈ ಬಿಸಿ ಮಾಡುವಾಗ ರಕ್ತ 37 ಡಿಗ್ರಿ ದಾಟದ ಹಾಗೆ ನಿಧಾನಕ್ಕೆ ಹೋದೆವು, ಕಾವು ಜಾಸ್ತಿಯಾದರೆ ಪೆಟ್ಟು ಬಿದ್ದ ಮಿದುಳಿಗೆ ಇನ್ನಷ್ಟು ಪೆಟ್ಟು.

ಐಸಿಯುಗೆ ಒಪ್ಪಿಸುವಾಗ ಸಿಸ್ಟರ್‌ಗೆ ಎರಡು ಮಾತು ಹೇಳಿದೆ, ಬರೆದೂ ಕೊಟ್ಟೆ. ಬಲ ಮಿದುಳಿಗೆ 11 ನಿಮಿಷ ಕಷ್ಟವಾಗಿತ್ತು. ಬಲ ಮಿದುಳು ನಡೆಸುವುದು ಮೈಯ ಎಡಭಾಗವನ್ನು, ಹಾಗಾಗಿ ಎಚ್ಚರವಾದ ಕೂಡಲೇ ಎಡಗೈ, ಎಡಗಾಲು ಮೊದಲು ನೋಡಿ.

ಮಂಪರು ಬರಿಸುವ ಔಷಧಿ ನಿಲ್ಲಿಸಿದ್ದು ಸಂಜೆ. ಗಂಟಲಿನ ಟ್ಯೂಬ್ ಇನ್ನೂ ಇತ್ತು, ಮಾತಾಡಲು ಬರುವ ಹಾಗಿಲ್ಲ. ಸಿಸ್ಟರ್ ಕಿವಿಯ ಹತ್ತಿರ ಬಾಗಿ, “ಯಜಮಾನ್ರ, ಕಣ್ಣು ಬಿಡ್ರಿ. ನನ್ನ ಕೈ ಒತ್ತರಿ,” ಎಂದರು. ಬಲಗೈ ಒತ್ತಿತು. ಎಡಗೈ ಬೆರಳು ಮಡಚಿದವು, ಬಿಗಿ ಬರಲಿಲ್ಲ. ಕಾಲು ಎರಡೂ ಎತ್ತಿದರು.

“ಸರ್, ಎಡಗೈ ಸಡ್ಲ ಅನಸ್ತೈತ್ರಿ. ಆದ್ರ ಕಿರುಬೆರಳು ಮೊದ್ಲ ಸೊಟ್ಟ ಐತಲ್ರಿ, ಅದಕ್ಕ ಇರಬಹುದಾ?”

ಅವರು ಕೇಳಿದ್ದು ಸರಿಯಾದ ಪ್ರಶ್ನೆ. ಉತ್ತರ ಕೇಸ್ ಶೀಟಿನಲ್ಲಿತ್ತು: ಹಿಡಿತ ಎರಡೂ ಕಡೆ ಸಮ. ಹೊರಗೆ ಕೂತಿದ್ದ ಅವರ ಹೆಂಡತಿಯನ್ನೂ ಕೇಳಿದೆ. “ಬೆರಳು ಸೊಟ್ಟ ಆಗಿ ಮೂವತ್ತು ವರ್ಷ ಆತ್ರಿ. ಆ ಕೈಲೇನ ಚೀಲ ಎತ್ತತಿದ್ರು,” ಎಂದರು ಆ ತಾಯಿ. ಅಂದರೆ ಇದು ಹಳೆಯದಲ್ಲ, ಹೊಸದು. ಹಿಂದಿನ ಸಂಜೆಯ ಆ ಒಂದು ಸಾಲು ಇಲ್ಲದಿದ್ದರೆ, ಔಷಧಿಯ ಅಮಲು ಇನ್ನೂ ಇಳಿದಿಲ್ಲ, ಬೆರಳು ಮೊದಲೇ ಸರಿ ಇರಲಿಲ್ಲ, ಬೆಳಿಗ್ಗೆ ನೋಡೋಣ ಎಂದು ರಾತ್ರಿ ಕಳೆದುಹೋಗುವುದು ಬಹಳ ಸುಲಭವಿತ್ತು.

ಸಕ್ಕರೆ ನೋಡಿದೆವು, ಕಡಿಮೆಯಾಗಿರಲಿಲ್ಲ. ನ್ಯೂರಾಲಜಿಸ್ಟ್ ಬಂದರು. ವೆಂಟಿಲೇಟರ್ ಸಮೇತ ಸಿಟಿ ಸ್ಕ್ಯಾನ್‌ಗೆ ಒಯ್ದೆವು. ಮಿದುಳಿನಲ್ಲಿ ರಕ್ತಸ್ರಾವ ಇರಲಿಲ್ಲ. ಸಿಟಿ ಆಂಜಿಯೋದಲ್ಲಿ ದೊಡ್ಡ ನಾಳ ಯಾವುದೂ ಮುಚ್ಚಿರಲಿಲ್ಲ. ಲಕ್ವಾಕ್ಕೆ ಕೊಡುವ ಹೆಪ್ಪು ಕರಗಿಸುವ ಇಂಜೆಕ್ಷನ್ ಇಲ್ಲಿ ಕೊಡುವಂತಿಲ್ಲ. ಅವತ್ತೇ ಎದೆ ಕೊಯ್ದು ಹೊಲಿದಿದೆ, ಎಲ್ಲ ಕಡೆ ರಕ್ತ ಜಿನುಗುತ್ತದೆ. ದೊಡ್ಡ ನಾಳದಲ್ಲಿ ಹೆಪ್ಪು ಸಿಕ್ಕಿದ್ದರೆ ತೊಡೆಯಿಂದ ತಂತಿ ಹಾಕಿ ಎಳೆದು ತೆಗೆಯುವ ಚಿಕಿತ್ಸೆ ಆಪರೇಷನ್ ಆದವರಿಗೂ ಮಾಡಬಹುದು. ಹೊತ್ತು ಮೀರುವ ಮುಂಚೆ ಸ್ಕ್ಯಾನ್‌ಗೆ ಓಡುವುದು ಅದಕ್ಕಾಗಿಯೇ. ಯಜಮಾನರಿಗೆ ಅದು ಬೇಕಾಗಲಿಲ್ಲ. ಬಿಪಿ ಸ್ವಲ್ಪ ಮೇಲೆ ಇಟ್ಟು ಕಾಯುವುದೇ ಚಿಕಿತ್ಸೆಯಾಯಿತು. ಇದರಲ್ಲೂ ಜಗ್ಗಾಟ ಇದೆ: ಮಿದುಳಿಗೆ ಬಿಪಿ ಜಾಸ್ತಿ ಬೇಕು, ಹೊಸ ಹೊಲಿಗೆಗೆ ಕಡಿಮೆ ಬೇಕು. ಎದೆಯ ಡ್ರೈನ್‌ನಲ್ಲಿ ಬರುವ ರಕ್ತ ನೋಡುತ್ತಾ ಸರಾಸರಿ 80ರ ಆಸುಪಾಸು ಇಟ್ಟೆವು.

ಬೆಳಿಗ್ಗೆ ಟ್ಯೂಬ್ ತೆಗೆದಾಗ ಮಾತು ತೊದಲಿತು. ಎಲ್ಲರ ಮುಖ ಸಣ್ಣಗಾಯಿತು. ಆ ತಾಯಿಯೇ ಮುಂದೆ ಬಂದು, “ಹಲ್ಲಿನ ಸೆಟ್ ಹಾಕ್ರಿ ಮೊದ್ಲ. ಅದಿಲ್ದ ಮನ್ಯಾಗೂ ಹಿಂಗ ಮಾತಾಡ್ತಾರ,” ಎಂದರು. ಹಾಕಿದ ಮೇಲೆ ಮಾತು ಸ್ಪಷ್ಟವಾಯಿತು. ಐಸಿಯುನಲ್ಲಿ ಮನೆಯವರನ್ನು ಹೊರಗೇ ನಿಲ್ಲಿಸುತ್ತೇವೆ. ಆದರೆ ರೋಗಿ ಎಚ್ಚರವಾದ ಮೇಲೆ ಐದು ನಿಮಿಷವಾದರೂ ಹತ್ತಿರದವರೊಬ್ಬರನ್ನು ಕರೆದು, ಇವರು ಎಂದಿನ ಹಾಗೇ ಇದ್ದಾರಾ ಎಂದು ಕೇಳಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ನಲವತ್ತು ವರ್ಷ ಜೊತೆಗಿದ್ದವರಿಗೆ ಗೊತ್ತಿರುವುದು ನಮ್ಮ ಯಾವ ಪರೀಕ್ಷೆಗೂ ಗೊತ್ತಿರುವುದಿಲ್ಲ.

ಎಡಗೈ ಹಿಡಿತ ಎರಡನೇ ದಿನ ಅರ್ಧ ಬಂತು, ಮೂರನೇ ದಿನ ಸಮವಾಯಿತು. ಅಂಗಿಯ ಗುಂಡಿ ಹಾಕುವುದು ಮಾತ್ರ ಇನ್ನೂ ನಿಧಾನ. ಅದೇ ಹೊತ್ತಿಗೆ ಹೃದಯದ ಬಡಿತ ತಾಳ ತಪ್ಪಿತು, ಏಟ್ರಿಯಲ್ ಫಿಬ್ರಿಲೇಷನ್. ಆಪರೇಷನ್ ಆದ ಎರಡನೇ, ಮೂರನೇ ದಿನ ಇದು ಬಹಳ ಜನರಲ್ಲಿ ಬರುತ್ತದೆ. ಹೃದಯದೊಳಗೆ ರಕ್ತ ನಿಂತು ಹೆಪ್ಪಾಗಿ ಮಿದುಳಿಗೆ ಹಾರಬಹುದು. ಹೃದಯ ಆಪರೇಷನ್‌ನ ಲಕ್ವಾ ಎಂದರೆ ಟೇಬಲ್ ಮೇಲೆ ಆದದ್ದು ಎಂದೇ ಜನ ತಿಳಿಯುತ್ತಾರೆ. ಸರಿಯಾಗಿ ಎಚ್ಚರವಾಗಿ, ಆಮೇಲಿನ ದಿನಗಳಲ್ಲಿ ಹೊಡೆಯುವುದೂ ಅಷ್ಟೇ ಇದೆ. ಅಮಿಯೋಡರೋನ್‌ಗೆ ಬಡಿತ ಸರಿಹೋಯಿತು.

ಎಂಆರ್‌ಐ ಕೂಡಲೇ ಮಾಡಲಿಲ್ಲ, ಯಾಕೆಂದರೆ ಹೃದಯಕ್ಕೆ ತಾತ್ಕಾಲಿಕ ಪೇಸಿಂಗ್ ತಂತಿ (ಬೇಕಾದರೆ ಬಡಿತ ನಡೆಸುವ ವಿದ್ಯುತ್ ತಂತಿ) ಹೊಲಿದಿತ್ತು. ಐದನೇ ದಿನ ತಂತಿ ತೆಗೆದ ಮೇಲೆ ಮಾಡಿಸಿದೆವು. ಬಲ ಮಿದುಳಿನ ಆಳದಲ್ಲಿ ಜೋಳದ ಕಾಳಿನಷ್ಟು ಎರಡು ಬಿಳಿ ಚುಕ್ಕೆ. ಇದ್ದ ಜಾಗ ನೋಡಿ: ಎರಡು ದೊಡ್ಡ ನಾಳಗಳ ಹಂಚಿಕೆ ಕೊನೆಯಾಗುವ ಗಡಿ. ಒತ್ತಡ ಇಳಿದಾಗ ಮೊದಲು ರಕ್ತ ತಪ್ಪುವುದು ಈ ಗಡಿಗೇ. ಚೂರು ಹಾರಿ ಬಂದು ಕಟ್ಟಿದ್ದರೆ ಸಾಮಾನ್ಯವಾಗಿ ಅಲ್ಲೊಂದು ಇಲ್ಲೊಂದು, ಎರಡೂ ಕಡೆ ಚೆಲ್ಲಿದಂತೆ ಇರುತ್ತವೆ. ಓಟಿಯ ಗ್ರಾಫಿನಲ್ಲಿ ಕಂಡ ಬಲಗಡೆಯ ಇಳಿತ, ಎಡಗೈಯ ಸೋಲು, ಈ ಚುಕ್ಕೆಗಳು, ಮೂರೂ ಒಂದೇ ಕಡೆ ಬೆರಳು ತೋರಿಸುತ್ತಿದ್ದವು.

ಬೇಗ ಸರಿಪಡಿಸಿದ್ದರಿಂದಲೇ ಚುಕ್ಕೆ ಇಷ್ಟು ಸಣ್ಣದಾಗಿ ಉಳಿಯಿತಾ? ಒಬ್ಬ ರೋಗಿಯಿಂದ ಹಾಗೆ ಹೇಳಲಾಗದು. ಈ ಯಂತ್ರ ಹಾಕಿದರೆ ಲಕ್ವಾ ಕಡಿಮೆಯಾಗುತ್ತದೆ ಎಂದು ಪಕ್ಕಾ ತೋರಿಸುವ ಪುರಾವೆ ಜಗತ್ತಿನಲ್ಲೇ ಇನ್ನೂ ಇಲ್ಲ. ಅದು ನೋಡುವುದು ಹಣೆಯ ಹಿಂದಿನ ಭಾಗವನ್ನು, ಅದೂ ಒಂದೆರಡು ಸೆಂಟಿಮೀಟರ್ ಆಳಕ್ಕೆ. ತಲೆಯ ಹಿಂಭಾಗದಲ್ಲಿ ಏನಾದರೂ ಆದರೆ, ಸಣ್ಣ ಚೂರೊಂದು ದೂರದ ಕೊಂಬೆಗೆ ಕಟ್ಟಿಕೊಂಡರೆ, ಪರದೆಯ ಮೇಲೆ ಸಂಖ್ಯೆ ಅಲುಗುವುದೂ ಇಲ್ಲ. ಒಂದು ಜೊತೆ ಸೆನ್ಸರ್‌ಗೆ ಸಾವಿರಗಟ್ಟಲೆ ರೂಪಾಯಿ, ಒಬ್ಬರಿಗೆ ಹಚ್ಚಿದ್ದು ಇನ್ನೊಬ್ಬರಿಗೆ ಬರುವುದಿಲ್ಲ. ಎಲ್ಲರಿಗೂ ಹಾಕಿ ಎಂದು ನಾನು ಹೇಳಲಾರೆ. ಕುತ್ತಿಗೆಯ ನಾಳ ಕಿರಿದಾದವರಿಗೆ, ಮೊದಲೊಮ್ಮೆ ಲಕ್ವಾ ಆದವರಿಗೆ, ಮಹಾಪಧಮನಿಯ ದೊಡ್ಡ ಕೆಲಸ ಇದ್ದವರಿಗೆ ಬೇಕೇ ಬೇಕು ಎಂದು ಕೇಳುತ್ತೇನೆ. ಹಿಂದಿನ ಸಂಜೆ ಕೈ ಹಿಡಿದು ನೋಡಿ ಬರೆಯುವುದಕ್ಕೆ ಮಾತ್ರ ಒಂದು ಪೈಸೆಯೂ ಬೇಡ. ಅದನ್ನು ಪ್ರತಿಯೊಬ್ಬರಿಗೂ ಮಾಡಬೇಕು.

ಮನೆಗೆ ಕಳಿಸುವ ದಿನ ಮಗನನ್ನೂ ಆ ತಾಯಿಯನ್ನೂ ಕೂರಿಸಿ ಹೇಳಿದೆವು. ಮುಖ ಒಂದು ಕಡೆ ಎಳೆದರೆ, ಕೈ ಎತ್ತಿದಾಗ ಜೋಲಿದರೆ, ಹಲ್ಲಿನ ಸೆಟ್ ಹಾಕಿಯೂ ಮಾತು ತೊದಲಿದರೆ, ಇದ್ದಕ್ಕಿದ್ದಂತೆ ನಡಿಗೆ ಓಲಾಡಿದರೆ, ಕಣ್ಣು ಮಂಜಾದರೆ, ಗಡಿಯಾರ ನೋಡಿ ಹೊತ್ತು ಬರೆದುಕೊಳ್ಳಿ, ಕೂಡಲೇ 108ಕ್ಕೆ ಫೋನ್ ಮಾಡಿ. ಎಣ್ಣೆ ತಿಕ್ಕುತ್ತಾ ಕೂರಬೇಡಿ, ಊರ ಔಷಧಿ ಹುಡುಕಬೇಡಿ. ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗಬೇಕು. ರಕ್ತ ತೆಳು ಮಾಡುವ ಮಾತ್ರೆಯನ್ನು ಒಂದು ದಿನವೂ ತಪ್ಪಿಸಬಾರದು, ಹೇಳಿದ ದಿನಕ್ಕೆ ರಕ್ತ ಪರೀಕ್ಷೆಗೆ ಬರಬೇಕು.

ಬಲಗಡೆಯ ಕೆರೋಟಿಡ್ ವಿಷಯ ಮತ್ತೆ ಎದ್ದಿತು. ಲಕ್ಷಣ ಕೊಡದ ನಾಳ ಎಂದು ಮೊದಲು ಬಿಟ್ಟಿದ್ದೆವು. ಈಗ ಅದೇ ಕಡೆ ಚುಕ್ಕೆ ಬಂದಿದೆ. ಆದರೆ ಬಂದದ್ದು ಪಂಪ್ ಮೇಲೆ ಬಿಪಿ ಇಳಿದಾಗ, ದಿನನಿತ್ಯದ ಬದುಕಿನಲ್ಲಲ್ಲ. ಇದನ್ನು ಲಕ್ಷಣ ಎಂದು ಎಣಿಸಿ ಈಗಲೇ ಸ್ವಚ್ಛ ಮಾಡಿಸಬೇಕೋ, ಮಾತ್ರೆಯ ಮೇಲೆ ಇಟ್ಟು ಕಾಯಬೇಕೋ? ನ್ಯೂರಾಲಜಿಸ್ಟ್ ಮತ್ತು ರಕ್ತನಾಳದ ಸರ್ಜನ್ ಇಬ್ಬರೂ ಸೇರಿ, ಎದೆಯ ಮೂಳೆ ಕೂಡುವವರೆಗೆ ಕಾದು ಮತ್ತೆ ಡಾಪ್ಲರ್ ಮಾಡೋಣ ಎಂದರು. ಮರಳಿ ಬಂದಾಗ ಕಿರಿದಾದದ್ದು ಅಷ್ಟೇ ಇತ್ತು, ಜಾಸ್ತಿಯಾಗಿರಲಿಲ್ಲ. ಯಜಮಾನರು ಗುಂಡಿ ತಾವೇ ಹಾಕಿಕೊಂಡು ಬಂದಿದ್ದರು. ಮಾತ್ರೆಯ ಮೇಲೇ ಇಡುವುದೆಂದು ತೀರ್ಮಾನವಾಯಿತು, ಆರು ತಿಂಗಳಿಗೊಮ್ಮೆ ಡಾಪ್ಲರ್. ಮುಂದೆ ಯಾವ ಆಪರೇಷನ್ ಆದರೂ ಅರಿವಳಿಕೆ ವೈದ್ಯರಿಗೆ ಮೊದಲು ತೋರಿಸಬೇಕೆಂದು, ಡಿಸ್ಚಾರ್ಜ್ ಚೀಟಿಯ ಮೇಲ್ಗಡೆ ಎರಡು ಸಂಖ್ಯೆ ಬರೆದುಕೊಟ್ಟೆವು: ಎಚ್ಚರವಿದ್ದಾಗ ಬಲ 61, ಎಡ 65.